"ಎಲ್ಲಿ ಸೋರ್ತೈತಿ ತಮ್ಮಾ?"

ಗೆಳೆಯರೇ, ಇವತ್ತು ನನ್ನ ಗಿಟಾರಿನ ಹೊಟ್ಟೆಯಿಂದ ಒಂದು ಬಕೆಟ್ ನೀರು ಹೊರಬಂತು.

ಮೊನ್ನೆ ಗುಮ್ಮಘಟ್ಟದಿಂದ ಬರುವಾಗ ಆಟೋದಲ್ಲಿ ಯಾರದೋ ಮೂಟೆ ಗಿಟಾರಿನ ಮೇಲೆ ಬಿದ್ದು ಅದರ ಪಕ್ಕದ ಹಲಗೆ ಸೀಳಿತ್ತು. ನಾಳೆ ಗೆಳೆಯನ ಮದುವೆಯಲ್ಲಿ ನುಡಿಸಬೇಕಿತ್ತು. ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅವರ ನಡುವೆ ಕೂರಲು ಗಿಟಾರ್ ಒಂದೇ ನೆಪ. ಬಡಗಿ "ಇದು ನಮ್ಮ ಕೆಲಸ ಅಲ್ಲಪ್ಪ" ಅಂದ. ಹಾಗಾಗಿ ರಾಯದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಒಡೆದ ನೀರಿನ ಡ್ರಮ್ಮು, ಬಿಂದಿಗೆ ರಿಪೇರಿ ಮಾಡುವ ಓಬಣ್ಣನಿಗೆ ಕೊಟ್ಟೆ. "ಎಲ್ಲಿ ಸೋರ್ತೈತಿ ತಮ್ಮಾ?" ಅಂತ ಕೇಳಿದ. ತಮಾಷೆ ಅಂದುಕೊಂಡು ನಕ್ಕು, ಬಿರುಕು ತೋರಿಸಿ ಬಂದೆ.

ಇವತ್ತು ಹೋದರೆ ಗಿಟಾರ್ ಅಂಗಡಿ ಮುಂದೆ ಅಂಗಾತ ಮಲಗಿದೆ. ನಡುವಿನ ತೂತಿನ ತನಕ ನೀರು! ಬಿರುಕು ಕೂಡಿದೆ, ನಿಜ. ಮರವೆಲ್ಲ ಉಬ್ಬಿ ಬೆನ್ನು ಡೊಂಕಾಗಿದೆ.

"ಓಬಣ್ಣ, ಇದಕ್ಕ ಯಾಕ ನೀರು ಹಾಕಿದ್ರಿ?"

"ಹಾಕದ ಹೆಂಗ ಗೊತ್ತಾಗ್ತೈತಿ? ನಿನ್ನೆಯಿಂದ ಐತಿ, ಒಂದ್ ಹನಿ ಸೋರಿಲ್ಲ ನೋಡು."

ಪಕ್ಕದ ಟೀ ಅಂಗಡಿಯವನು, "ನಿಮ್ಮ ಮನ್ಯಾಗ ಬಿಂದಿಗಿ ಸಾಲಂಗಿಲ್ಲೇನಪ್ಪಾ?" ಅಂದ. ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು.

ಬೈಯಬೇಕೆಂದು ಬಾಯಿ ತೆರೆದೆ. "ಚಲೋ ಮಾಡೀರಿ" ಅಂತ ಹೊರಬಂತು.

ಈಗ ತಂತಿ ಮೀಟಿದರೆ ಒದ್ದೆ ಪೆಟ್ಟಿಗೆ ತಟ್ಟಿದ ಸದ್ದು. ಆದರೂ ನಾಳೆ ಮದುವೆಗೆ ಒಯ್ಯುತ್ತೇನೆ. ಊಟಕ್ಕೆ ಕೂತವರಿಗೆ ನೀರು ಹಾಕಲು ಬರುತ್ತದೆ. ಆ ಕೆಲಸಕ್ಕೆ ಮಾತೂ ಬೇಕಿಲ್ಲ.