ಬಿಳಿ ಹಾಳೆ ಹಿಡಿದ ಕೈ

ಮದುವೆಯ ಫೋಟೋದಲ್ಲಿ ಹೆಣ್ಣು ಬೆಳ್ಳಗಿರಬೇಕು. ಯಾವ ಶಾಸ್ತ್ರ ಹೀಗೆ ಹೇಳಿದೆಯೋ ಗೊತ್ತಿಲ್ಲ, ಶಿವಮೊಗ್ಗ, ಭದ್ರಾವತಿಯ ಸ್ಟುಡಿಯೋಗಳಂತೂ ತಪ್ಪದೆ ಪಾಲಿಸುತ್ತವೆ. ಅವುಗಳ ಪರವಾಗಿ ಪಾಲಿಸುತ್ತಿದ್ದವಳು ಹೊಸಮನೆಯ ತನುಜಾ. ಹನ್ನೆರಡು ವರ್ಷದಿಂದ ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವಣಗಿತ್ತಿಯರ ಬಣ್ಣ ತಿದ್ದುವುದೇ ಅವಳ ಕಸುಬು. ಅವಳೇನೂ ಬೆಳ್ಳಗಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷ ಕಳೆದರೂ ಅವಳ ಅತ್ತೆ ಅದನ್ನು ಮರೆತಿರಲಿಲ್ಲ.

ಕೆಲಸದಲ್ಲಿ ತನುಜಾ ಬಲು ಕಟ್ಟುನಿಟ್ಟು. ಫೋಟೋ ತೆಗೆಯುವ ಯೋಗರಾಜ್ ಪ್ರತಿ ಛತ್ರದಲ್ಲೂ ಮೊದಲು ಒಂದು ಬಿಳಿ ಹಾಳೆಯ ಚಿತ್ರ ತೆಗೆಯಲೇಬೇಕು. ಛತ್ರದ ದೀಪಕ್ಕೆ ಬಿಳಿಯೂ ಹಳದಿಯಾಗುತ್ತದೆ. ಕಂಪ್ಯೂಟರಿನಲ್ಲಿ ಆ ಹಾಳೆಯನ್ನು ಮತ್ತೆ ಬಿಳಿ ಮಾಡಿದರೆ ಉಳಿದ ಬಣ್ಣಗಳೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಅದೇ ಛತ್ರದ ಮುಂದಿನ ಮದುವೆಗೂ ಬೇಕಾದೀತೆಂದು ಹಾಳೆಯ ರಾ ಫೈಲುಗಳನ್ನು, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಚಿತ್ರಗಳನ್ನು, ಮಾತ್ರ ಅವಳು ಜೋಪಾನವಾಗಿಟ್ಟಿದ್ದಳು. ಮಿಕ್ಕ ರಾ ಫೈಲುಗಳನ್ನೆಲ್ಲ, ಆಲ್ಬಮ್ ಮನೆ ಸೇರಿದ ಮೇಲೆ, ಡಿಸ್ಕ್ ತುಂಬುತ್ತದೆಂದು ಅಳಿಸಿಬಿಡುತ್ತಿದ್ದಳು. ರಾ ಅಂದರೆ ಅಕ್ಕಿ, ಜೆಪೆಗ್ ಅಂದರೆ ಅನ್ನ. ಅನ್ನವಾದ ಮೇಲೆ ಅಕ್ಕಿಯನ್ನು ಯಾರು ಕೇಳುತ್ತಾರೆ ಅನ್ನುತ್ತಿದ್ದಳು.

ಕೇಳುವವರು ಒಂದು ಬೆಳಿಗ್ಗೆ ಬಂದರು. ಭದ್ರಾವತಿ ಓಲ್ಡ್ ಟೌನಿನ ಬಸವರಾಜೇಶ್ವರಿ. ಅವರ ಒಬ್ಬಳೇ ಮಗಳು ರಂಜಿನಿ, ಮದುವೆಯಾಗಿ ಎರಡೇ ವರ್ಷಕ್ಕೆ, ಡೆಂಗಿ ಜ್ವರ ಬಂದು ಹೋಗಿಬಿಟ್ಟಿದ್ದಳು. ನಾಡಿದ್ದು ಹನ್ನೊಂದನೇ ದಿನದ ಶಿವಗಣಾರಾಧನೆ. ಪೂಜೆಗೆ ಇಡಲು ಫೋಟೋ ಬೇಕಿತ್ತು.

"ಆಲ್ಬಮ್ಮಲ್ಲಿರೋದು ನನ್ನ ಮಗಳಲ್ಲಮ್ಮ, ಯಾರೋ ಬೆಳ್ಳಗಿರೋ ಹುಡುಗಿ," ಅಂದರು ಅವರು. "ಫೋನೂ ಹಂಗೇ, ತೆಗೆಯುವಾಗ್ಲೇ ತಾನಾಗಿ ಪೌಡರ್ ಬಳಿಯುತ್ತೆ. ಆಧಾರ್ ಕಾರ್ಡಲ್ಲಿ ನೋಡಿದ್ರೆ ಕಳ್ಳಿ ಥರ ಇದಾಳೆ. ನನ್ನ ಮಗಳ ಬಣ್ಣ ವಾಪಸ್ ಕೊಡಿ. ಒಂಬತ್ತು ದಿನಕ್ಕೇ ಮರೆತುಬಿಡ್ತೀನೇನೋ ಅಂತ ಭಯ ಆಗ್ತಿದೆ."

ರಂಜಿನಿಯ ದನಿ ತನುಜಾಗೆ ಚೆನ್ನಾಗಿ ನೆನಪಿತ್ತು. ಆಲ್ಬಮ್ ತಯಾರಾಗುವಾಗ ಆ ಹುಡುಗಿ ಯೋಗರಾಜನಿಂದ ನಂಬರ್ ತೆಗೆದುಕೊಂಡು, ತನ್ನ ಬಣ್ಣ ಬದಲಿಸಬೇಡಿ ಎಂದು ವಾಯ್ಸ್ ಮೆಸೇಜ್ ಕಳಿಸಿದ್ದಳು. ಗಂಡಿನ ಕಡೆಯವರು ಅಷ್ಟರಲ್ಲೇ 'ಸ್ವಲ್ಪ ಫೇರ್ ಮಾಡಿಸಿ' ಅಂದಾಗಿತ್ತು. ತನುಜಾ ಮೆಸೇಜ್ ಕೇಳಿದಳು, ಉತ್ತರ ಕೊಡಲಿಲ್ಲ, ಮುಖ ಬೆಳ್ಳಗಾಗುವಂತೆ ಸ್ಲೈಡರ್ ಎಳೆದು ಸೇವ್ ಮಾಡಿದಳು. ಸಾವಿನ ಸುದ್ದಿ ಬಂದ ದಿನದಿಂದ ಆ ದನಿ ಅವಳ ಬೆನ್ನು ಬಿಟ್ಟಿರಲಿಲ್ಲ. ಬಟ್ಟೆ ಒಣಗಹಾಕುವಾಗ ಹಿಂದಿನಿಂದ ಯಾರೋ 'ಅಕ್ಕಾ' ಅಂದಂತಾಗುತ್ತಿತ್ತು. ಯಾವ ಮದುಮಗಳ ಮುಖ ಬೆಳ್ಳಗೆ ಮಾಡಹೊರಟರೂ, ಯಾರೋ ಮಣಿಕಟ್ಟು ಹಿಡಿದಂತೆ ಕೈ ಅರ್ಧಕ್ಕೇ ನಿಲ್ಲುತ್ತಿತ್ತು.

"ಮೂಲ ಫೋಟೋ ಅಳಿಸಿಬಿಟ್ಟಿದೀನಿ. ಪ್ರಯತ್ನ ಮಾಡ್ತೀನಿ, ಕೂತ್ಕೊಳ್ಳಿ," ಅಂದಳು.

ಉಳಿದಿದ್ದ ಜೆಪೆಗ್ ತೆರೆದು ಬೆಳಕು ಇಳಿಸಿದಳು. ಮುಖ ಬೂದಿ ಬಳಿದಂತಾಯಿತು. ಕೆಂಪು ಸೇರಿಸಿದಳು, ಇಟ್ಟಿಗೆಯಾಯಿತು. ಬಸವರಾಜೇಶ್ವರಿ ಪ್ರತಿ ಸಲವೂ "ಇದಲ್ಲ" ಅಂದರು. ಒರೆಸಿಹಾಕಿದ್ದು ಎಲ್ಲಿಂದ ಬರಬೇಕು? ಬಾಯಿ ಬಿಟ್ಟು ಕೇಳಿದ್ದ ಒಂದೇ ಒಂದು ಮಾತನ್ನು ತಳ್ಳಿಹಾಕಿದೆನಲ್ಲ ಎಂದು ತನುಜಾಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಗ ಬಿಳಿ ಹಾಳೆಗಳು ನೆನಪಾದವು. ಭದ್ರಾವತಿಯ ಆ ಛತ್ರ, ಆ ತಾರೀಖು. ಫೈಲ್ ತೆರೆದಳು. ಪರದೆಯ ತುಂಬ ಹಾಳೆ. ಕೆಳಗಿನ ಮೂಲೆಯಲ್ಲಿ ಅದನ್ನು ಹಿಡಿದ ಕೈ. ಬೆರಳಿಗೆ ಮೆಹಂದಿ, ಮೊಣಕೈಯತ್ತ ಹಸಿರು ಬಳೆ, ನಡುವೆ ಎರಡು ಬೆರಳಗಲದಷ್ಟು ಬರಿಯ ಚರ್ಮ, ಅದರಲ್ಲೊಂದು ಸುಟ್ಟ ಕಲೆ.

ಬಸವರಾಜೇಶ್ವರಿ ಕುರ್ಚಿಯಿಂದ ಎದ್ದೇಬಿಟ್ಟರು. "ಹೋಳಿಗೆ ಹಂಚು ತಾಗಿದ್ದು! ಬೇಡ ಅಂದ್ರೂ ಕೈ ಹಾಕಿದ್ಲು."

ಹಾಳೆಯನ್ನು ಬಿಳಿ ಮಾಡಿ, ಆ ಎರಡು ಬೆರಳಗಲವನ್ನು ಆಧಾರವಾಗಿಟ್ಟುಕೊಂಡು ತನುಜಾ ಮಧ್ಯಾಹ್ನದವರೆಗೆ ದುಡಿದಳು. ಹಣೆ, ಕೆನ್ನೆ, ಕತ್ತು. ನೆರಳಿಗೊಂದು ಬಣ್ಣ, ಬೆಳಕಿಗೊಂದು. ಅತ್ತೆ ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಎಣ್ಣೆಗೆಂಪಿನ, ನಗು ತಡೆದುಕೊಂಡಿರುವ ಹುಡುಗಿಯೊಬ್ಬಳು ಪರದೆಯಲ್ಲಿ ಕೂತಿದ್ದಳು. ಬಸವರಾಜೇಶ್ವರಿ ತಮ್ಮ ತೋಳನ್ನು ಆ ಮುಖದ ಪಕ್ಕಕ್ಕೆ ಹಿಡಿದರು. ಎರಡೂ ಒಂದೇ ಬಣ್ಣ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ಕಣ್ಣೊರೆಸಿಕೊಂಡು ಅವರೇ ಅಂದರು, "ಬಣ್ಣ ಬದಲಿಸ್ಬೇಡಿ ಅಂತ ನಿಮಗೆ ಮೆಸೇಜ್ ಹಾಕಿದೀನಿ ಅಂದಿದ್ಲು. ನಿಮಗೆ ಬಂದಿರ್ಲಿಲ್ಲ ಅನ್ಸುತ್ತೆ, ಅಲ್ವಾ?"

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತನುಜಾಳ ನಾಲಿಗೆ ತುದಿಗೂ ಅದೇ ಬಂದಿತ್ತು.

"ಬಂದಿತ್ತು," ಅಂದಳು. "ಕೇಳಿದ್ದೆ. ಕೇಳಿಯೂ ಮಾಡ್ದೆ."

ಬಸವರಾಜೇಶ್ವರಿ ಮತ್ತೆ ಕುರ್ಚಿಯಲ್ಲಿ ಕೂತರು.

"ಅದನ್ನೂ ಅಳಿಸಿಬಿಟ್ರಾ?"

"ಇಲ್ಲ."

ತನುಜಾ ಫೋನು ತೆಗೆದು ಆ ಮೆಸೇಜ್ ಹಾಕಿದಳು. "ಅಕ್ಕಾ, ನಾನು ರಂಜಿನಿ, ಓಲ್ಡ್ ಟೌನಿಂದ. ನನ್ನ ಬಣ್ಣ ಹಂಗೇ ಇರ್ಲಿ, ಆಯ್ತಾ? ನಮ್ಮಮ್ಮಂಗೆ ನಾನು ಗುರುತು ಸಿಗ್ಬೇಕಲ್ಲ!" ಕೊನೆಗೆ ಒಂದು ನಗು.

"ಸಿಕ್ಕಿದೀಯ ಕಣವ್ವ," ಅಂದರು ಬಸವರಾಜೇಶ್ವರಿ, ಪರದೆಯನ್ನು ನೋಡುತ್ತ. ಆಮೇಲೆ ತನುಜಾಳ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟು ಪ್ರೀತಿಯಿಂದ ಕೇಳಿದಾಳೆ. ನೀವ್ಯಾಕಮ್ಮ ಉತ್ತರ ಕೊಡ್ಲಿಲ್ಲ?"

ಅವತ್ತಿನಂತೆ ಇವತ್ತೂ ತನುಜಾ ಸುಮ್ಮನೆ ಕೂತಿದ್ದಳು.