ಸ್ವಾರಸ್ಯಕ್ಕೆ ಸೊನ್ನೆ

ನಾನು ಬರೆದ ಕಥೆಯೊಂದರ ಆಶಯ ಏನೆಂಬುದು ನನಗೆ ಗೊತ್ತಾದದ್ದು ಇತ್ತೀಚೆಗೆ, ರಾಮನಗರದ ಬಸ್ ನಿಲ್ದಾಣದ ಬಳಿಯ ಪುಸ್ತಕದಂಗಡಿಯಲ್ಲಿ. ಗ್ರಾಫ್ ಹಾಳೆಗಳ ಪಕ್ಕ ದಾರಕ್ಕೆ ನೇತುಹಾಕಿದ್ದ ಗೈಡಿನಲ್ಲಿ ಅದು ಅಚ್ಚಾಗಿತ್ತು: "ವಿಜ್ಞಾನದ ದುಷ್ಪರಿಣಾಮಗಳಿಂದ ಗ್ರಾಮೀಣ ಬದುಕು ನಲುಗುವುದನ್ನು ಲೇಖಕರು ಮನಮುಟ್ಟುವಂತೆ ಚಿತ್ರಿಸಿದ್ದಾರೆ." ನಾನು ಹಾಗೇನೂ ಚಿತ್ರಿಸಿಲ್ಲ. ಯಾರ ಮನಸ್ಸನ್ನೂ ಮುಟ್ಟುವ ಉದ್ದೇಶ ನನಗಿರಲಿಲ್ಲ, ನಾಲ್ಕು ಜನ ನಕ್ಕರೆ ಸಾಕಿತ್ತು. ಅಂಗಡಿಯಲ್ಲಿ ನಿಂತು ಓದಿದಾಗಲೇ ಕೋಪ ಬಂತು. ಮನೆಗೆ ತಂದು ಕೂತು ಓದಿದಾಗ ಇನ್ನೂ ಹೆಚ್ಚಾಯಿತು. ನನ್ನ ಕೋಪ ಸಾಮಾನ್ಯವಾಗಿ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಇದು ಮುಗಿದಿಲ್ಲ. ಈಗ ಬರೆಯುವಾಗಲೂ ಪೆನ್ನು ಹಾಳೆಯನ್ನು ಒತ್ತುತ್ತಿದೆ.

ಕಥೆಯನ್ನು ಹೇಳಿಬಿಡುತ್ತೇನೆ. ದೂರದ ಗ್ರಹವೊಂದರಿಂದ ಭೂಮಿಯನ್ನು ಗೆಲ್ಲಲು ಒಂದು ದಂಡು ಬರುತ್ತದೆ. ಆ ಜೀವಿಗಳು ಥೇಟ್ ರೇಷ್ಮೆ ಗೂಡು. ದಾರಿ ತಪ್ಪಿ ನಮ್ಮ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ, ರೈತರು ಸುರಿದಿಟ್ಟ ರಾಶಿಯ ಮೇಲೇ ಇಳಿಯುತ್ತವೆ. ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬ ಬಂದು ಅವುಗಳ ದಂಡನಾಯಕನನ್ನೇ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾನೆ. ದಂಡನಾಯಕ ಸೇನೆಯ ಶಿಸ್ತಿಗೆ ತಕ್ಕಂತೆ ಉಸಿರು ಬಿಗಿಹಿಡಿಯುತ್ತಾನೆ. 'ಸದ್ದೇ ಇಲ್ಲ, ಒಳ್ಳೆ ಗೂಡು' ಎಂದು ರೀಲರ್ ಹರಾಜಿನಲ್ಲಿ ಎಲ್ಲರಿಗಿಂತ ಜಾಸ್ತಿ ರೇಟು ಕೂಗುತ್ತಾನೆ. ತನ್ನ ಗ್ರಹದಲ್ಲಿ ಇಷ್ಟು ಮರ್ಯಾದೆ ಕಂಡಿರದ ದಂಡನಾಯಕನಿಗೆ ಕಣ್ಣು ತುಂಬಿಬರುತ್ತದೆ. ಮರುದಿನ ಗೂಡು ಬೇಯಿಸಲು ಇಟ್ಟ ಕುದಿಯುವ ನೀರು ಕಂಡು ದಂಡೆಲ್ಲ ಓಟ ಕೀಳುತ್ತದೆ. ಇಷ್ಟೇ. ಇದರಲ್ಲಿ ನಲುಗುವವರು ಯಾರಾದರೂ ಇದ್ದರೆ ಅನ್ಯಗ್ರಹದವರು.

ನಮ್ಮ ಕಡೆಯ ಕೆಲವು ಶಾಲೆಗಳು ಸೇರಿ ತಂದ ಪೂರಕ ಓದಿನ ಪುಸ್ತಕಕ್ಕೆ ಇದನ್ನು ಸೇರಿಸಿಕೊಂಡರು. ನನ್ನನ್ನು ಕೇಳಿಯೇ ಸೇರಿಸಿಕೊಂಡರು, ಹೂಂ ಅಂದವನೂ ನಾನೇ. ಪುಸ್ತಕದ ಬೆನ್ನಿಗೇ ಗೈಡು ಬರುತ್ತದೆಂದು ಯೋಚಿಸಿರಲಿಲ್ಲ. ಗೈಡು ನನ್ನ ಕಥೆಯನ್ನು ಬಿಚ್ಚಿ ಇಟ್ಟಿತ್ತು. 'ಗೂಡಿನಂಥ ದಂಡನಾಯಕ': ಉಪಮಾಲಂಕಾರ. ಉಪಮೇಯ, ದಂಡನಾಯಕ. ಉಪಮಾನ, ಗೂಡು. ವಾಚಕಪದ, ಅಂಥ. ಸಮಾನಧರ್ಮ, ದುಂಡಗಿರುವುದು. ಆಮೇಲೆ ಸಂದರ್ಭ ಸಹಿತ ವಿವರಣೆ. ಯಾವ ಪಾಠದಿಂದ ಆರಿಸಿದೆ ಎನ್ನುವುದು 'ಆಯ್ಕೆ', ಯಾರು ಯಾರಿಗೆ ಹೇಳಿದರು ಎನ್ನುವುದು 'ಸಂದರ್ಭ', ಕೊನೆಗೆ 'ಸ್ವಾರಸ್ಯ'. ಸ್ವಾರಸ್ಯದ ಮುಂದೆ ಹೀಗಿತ್ತು: "ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ."

ನಮ್ಮ ಹಳೆಯ ಆಲಂಕಾರಿಕರೂ ಕಾವ್ಯವನ್ನು ಬಿಚ್ಚಿದವರೇ. ಒಂದು ಪದ್ಯದ ಮುಂದೆ ಕೂತು ಇದು ಉಪಮೆಯೋ ರೂಪಕವೋ ಉತ್ಪ್ರೇಕ್ಷೆಯೋ ಎಂದು ಜಗಳ ಕಾದವರು. ಆದರೆ ಅದು ಮಾವಿನಹಣ್ಣು ತಿನ್ನುತ್ತ ಇದು ಬಾದಾಮಿಯೋ ರಸಪುರಿಯೋ ಎಂದು ವಾದಿಸಿದ ಹಾಗೆ, ವಾದ ನಡೆಯುವಾಗ ಮೊಣಕೈವರೆಗೂ ರಸ ಸುರಿಯುತ್ತಿತ್ತು. ಗೈಡಿನವನು ಹಣ್ಣು ಮುಟ್ಟದೆ ವಾಟೆ ಎಣಿಸಿದ್ದಾನೆ. ಅದೂ ವಿಜ್ಞಾನ ಕಥೆಯಲ್ಲಿ, ಅದರಲ್ಲೂ ನಗಿಸುವ ವಿಜ್ಞಾನ ಕಥೆಯಲ್ಲಿ, ಅಲಂಕಾರ ಎಂಬುದು ಬದುಕಿ ಉಳಿಯುವುದೇ ಇಲ್ಲ. 'ಅವಳ ಮಾತು ಕೇಳಿ ಅವನು ಕರಗಿಹೋದ' ಎಂದು ಬೇರೆ ಕಥೆಯಲ್ಲಿ ಬರೆದರೆ ಚಮತ್ಕಾರ. ಇಲ್ಲಿ ಬರೆದರೆ ಯಾರಾದರೂ ನೆಲ ಒರೆಸುವ ಬಟ್ಟೆ ತರಬೇಕು. ಬೇರೆ ಕಡೆಯ ಅತಿಶಯೋಕ್ತಿ ಇಲ್ಲಿ ದಿನಚರಿ. ನನ್ನ ದಂಡನಾಯಕ ಗೂಡಿನಂಥವನಲ್ಲ, ಗೂಡೇ. ಇಷ್ಟನ್ನು ಮಕ್ಕಳಿಗೆ ಹೇಳಿದ್ದರೆ ಅವರು ನಗುತ್ತಿದ್ದರು. ನಕ್ಕ ಮಕ್ಕಳಿಗೆ ಅಂಕ ಕೊಡುವ ಪದ್ಧತಿ ಇಲ್ಲದ್ದರಿಂದ ಹೇಳಲಿಲ್ಲ.

ಈ ಕೋಪದಲ್ಲಿ ಇದ್ದಾಗಲೇ ನಯಾಜ್ ಮಗಳನ್ನು ಕರೆದುಕೊಂಡು ಬಂದ. ಅದು ಭಾನುವಾರ. ಅಲ್ಲ, ಭಾನುವಾರ ಎಂದು ಬರೆದರೆ ನೀವು ನಂಬುತ್ತೀರೆಂದು ಬರೆದೆ, ವಾರ ನನಗೆ ನೆನಪಿಲ್ಲ. ನಯಾಜ್ ನಮ್ಮ ಹಿಂದಿನ ಬೀದಿಯ ರೀಲರ್. ಮಗಳು ನುಸ್ರತ್, ಹತ್ತನೇ ತರಗತಿ. ಅವಳ ಕೈಯಲ್ಲಿ ನಾಲ್ಕಾಗಿ ಮಡಿಸಿದ ಉತ್ತರ ಪತ್ರಿಕೆ ಇತ್ತು. 'ಸದ್ದೇ ಇಲ್ಲ, ಒಳ್ಳೆ ಗೂಡು' ಎಂಬ ವಾಕ್ಯವನ್ನು ಸಂದರ್ಭ ಸಹಿತ ವಿವರಿಸಲು ಕೇಳಿದ್ದರು. ಮೂರಕ್ಕೆ ಸೊನ್ನೆ.

"ಸಾರ್, ಇವ್ಳಿಗೆ ಒಸಿ ಬುದ್ಧಿ ಹೇಳಿ" ಎಂದ ನಯಾಜ್. "ಮೇಡಂ ಗೈಡಲ್ಲಿರೋ ಉತ್ತರ ನೋಟ್ಸಲ್ಲಿ ಐದು ಸಲ ಬರ್ಕೊಂಡು ಬಾ ಅಂದವ್ರೆ. ಇವ್ಳು ಬರಿಯಲ್ಲ ಅಂತಾಳೆ. ಬರೀದಿದ್ರೆ ಇಂಟರ್ನಲ್ ಮಾರ್ಕ್ಸ್ ಕಳ್ಸಲ್ವಂತೆ. ಹತ್ತನೇ ಕ್ಲಾಸು ಸಾರ್. ಐದು ಸಲ ಬರದ್ರೆ ಕೈ ಏನು ಮುರ್ದೋಯ್ತದಾ?"

"ತಪ್ಪನ್ನ ಐದು ಸಲ ಹೆಂಗೆ ಬರೀಲಿ ಅಬ್ಬಾ" ಎಂದಳು ನುಸ್ರತ್, ಅಪ್ಪನ ಕಡೆ ನೋಡದೆ.

ನನ್ನ ಎದೆ ಉಬ್ಬಿತು. ಇಷ್ಟು ದಿನದಿಂದ ನಾನು ಒಬ್ಬನೇ ಕೋಪದಲ್ಲಿ ಬೇಯುತ್ತಿದ್ದೆ, ಈಗ ಸೈನಿಕಳೊಬ್ಬಳು ಸಿಕ್ಕಿದ್ದಳು. ನೀನು ಬರೆಯಬೇಡ, ನಾನೇ ನಿನ್ನ ಶಾಲೆಗೆ ಬರುತ್ತೇನೆ, ಲೇಖಕ ನಾನು, ಆಶಯ ನನಗೆ ಗೊತ್ತಿಲ್ಲವೇ ಎಂದೆಲ್ಲ ಹೇಳಿದೆ. ನಯಾಜ್ ಕುರ್ಚಿಯ ತುದಿಗೆ ಸರಿದ. ನುಸ್ರತ್ ಪತ್ರಿಕೆಯ ಮಡಿಕೆ ಬಿಚ್ಚಿ ನನ್ನ ಮುಂದೆ ಚಾಚಿದಳು.

"ಸರ್, ಮೊದ್ಲು ನಾನೇನು ಬರೆದಿದೀನಿ ಓದಿ" ಎಂದಳು.

ಓದಿದೆ. ಅವಳ ಅಕ್ಷರ ಚೆನ್ನಾಗಿತ್ತು, ಅದರಿಂದ ಇನ್ನೂ ನೋವಾಯಿತು. "ಸ್ವಾರಸ್ಯ: ಈ ಮಾತನ್ನು ಯಾವ ರೀಲರೂ ಹೇಳುವುದಿಲ್ಲ. ಲೇಖಕರಿಗೆ ಗೂಡು ಗೊತ್ತಿಲ್ಲ. ಗೂಡು ಗೊತ್ತಿಲ್ಲದವರು ಗೂಡಿನ ಬಗ್ಗೆ ಬರೆದಿರುವುದೇ ಇಲ್ಲಿನ ಸ್ವಾರಸ್ಯ."

ಅಪ್ಪ ಮಗಳು ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಯಾಜ್ ಮುಜುಗರದಿಂದ ಕೆಮ್ಮಿದ. ನುಸ್ರತ್ ವಿವರಿಸಿದಳು. ಒಳಗಿನ ಹುಳ ಸರಿಯಾಗಿದ್ದರೆ ಅಲ್ಲಾಡಿಸಿದಾಗ ಗೋಡೆಗೆ ಬಡಿದು ಲೊಟಲೊಟ ಅನ್ನುತ್ತದೆ. ಸತ್ತು ಗೋಡೆಗೆ ಅಂಟಿಕೊಂಡಿದ್ದರೆ ಸದ್ದು ಬರುವುದಿಲ್ಲ. "ಸದ್ದಿಲ್ಲದ ಗೂಡನ್ನ ನಮ್ಮಬ್ಬ ಮುಟ್ಟಲ್ಲ ಸರ್, ನೂಲು ಸರ್ಯಾಗಿ ಬಿಚ್ಚಲ್ಲ. ಮತ್ತೆ ಈಗ ಯಾರೂ ರೇಟು ಕೂಗೋದೂ ಇಲ್ಲ, ಮೊಬೈಲಲ್ಲಿ ಒತ್ತೋದು. ಅದು ಹಳೇ ಕಾಲದ್ದು ಅಂತ ಬಿಟ್ಟೆ."

"ನಿಜಾನಾ ನಯಾಜ್?" ಎಂದೆ.

"ಬಿಡಿ ಸಾರ್, ಕತೆ ತಾನೆ" ಎಂದ. ಅಷ್ಟು ಅವಮಾನ ಯಾವ ವಿಮರ್ಶಕನೂ ನನಗೆ ಮಾಡಿಲ್ಲ.

ಅವರನ್ನು ಕಳಿಸಿದ ಮೇಲೆ ಕೋಪ ಜಾಗ ಬದಲಾಯಿಸಿ ನನ್ನ ಮೇಲೇ ಬಂತು, ಪ್ರಮಾಣ ಮಾತ್ರ ಅಷ್ಟೇ ಇತ್ತು. ಯಾಕೆಂದರೆ ಈ ಕಥೆ ಹುಟ್ಟಿದ ಬಗೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಚಿಕ್ಕವನಿದ್ದಾಗ ದೊಡ್ಡಆಲಹಳ್ಳಿಯ ಸೋದರಮಾವನ ಜೊತೆ ಗೂಡಿನ ಮಾರ್ಕೆಟ್ಟಿಗೆ ಹೋದದ್ದು, ಒಂದು ಗೂಡನ್ನು ಎತ್ತಿ ಕಿವಿಗೆ ಹಿಡಿದದ್ದು, ಒಳಗಿನ ಗಾಢ ಮೌನವನ್ನು ಕೇಳಿದ್ದು. ಸಭೆಯಲ್ಲಿ ಆ 'ಗಾಢ ಮೌನ' ಬಂದಾಗ ಒಂದಿಬ್ಬರು ತಲೆ ಆಡಿಸುತ್ತಾರೆ. ಆ ನೆನಪಿನ ಮೇಲೆ ನಾನು ಮೊದಲೇ ಅನುಮಾನ ಪಡಬೇಕಿತ್ತು. ಅದರಲ್ಲಿ ನಾನು ತೊಟ್ಟ ಅಂಗಿ ಪ್ರತಿ ಸಭೆಗೂ ಬೇರೆ ಬಣ್ಣ. ಮತ್ತು ಅದು ಯಾವಾಗಲೂ ಸರಿಯಾಗಿ ಚಪ್ಪಾಳೆಯ ಹತ್ತಿರ ಮುಗಿಯುತ್ತದೆ. ನಿಜವಾಗಿ ನಡೆದ ಯಾವುದೂ ಹಾಗೆ ಮುಗಿದದ್ದನ್ನು ನಾನು ಕಂಡಿಲ್ಲ.

ಮಾವನಿಗೆ ಫೋನ್ ಮಾಡಿದೆ. ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು.

"ನೀನೆಲ್ಲಿ ಬಂದಿದ್ಯಲಾ ಮಾರ್ಕೆಟ್ ಒಳೀಕೆ?" ಎಂದರು. "ವಾಸ್ನೆ ವಾಸ್ನೆ ಅಂತ ಮೂಗು ಮುಚ್ಕಂಡು ಬಸ್ಟ್ಯಾಂಡ್ನಾಗೇ ಕುಂತ್ಬುಟ್ಟೆ. ನಾನೇ ಕೈಗೊಂದು ಬನ್ನು ಕೊಟ್ಟು ಒಳಿಕ್ಕೋದೆ."

"ಗೂಡು ಕಿವಿಗೆ ಹಿಡಿದಿದ್ದ ಹಾಗೆ ನೆನಪು ಮಾವ."

"ನೀನು ಇಡ್ಕಂಡಿದ್ದು ಬನ್ನು ಕಣ್ಲಾ."

ಬನ್ನನ್ನು ಕಿವಿಗೆ ಹಿಡಿದರೆ ಗಾಢ ಮೌನವೇ ಕೇಳುವುದು. ಆದರೆ ಮಾವನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆ ಬನ್ನು ತೀರಾ ಸರಿಯಾದ ಹೊತ್ತಿಗೆ ಬಂದಿದೆ. ಮಾವನ ಕಥೆಗಳಿಗೂ ಕೇಳುವವರಿದ್ದಾರೆ.

ಇಷ್ಟಾದರೂ ಶಾಲೆಗೆ ಹೋದೆ. ಬರುತ್ತೇನೆಂದು ಹುಡುಗಿಗೆ ಮಾತು ಕೊಟ್ಟಾಗಿತ್ತು. ಜೊತೆಗೆ ಗೈಡಿನ ಮೇಲಿನ ಕೋಪವಾದರೂ ನ್ಯಾಯವಾದದ್ದು, ಅದನ್ನು ಎಲ್ಲಾದರೂ ಇಳಿಸಬೇಕಿತ್ತು. ಕನ್ನಡದ ಭಾಗ್ಯಮ್ಮ ಮೇಡಂ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿನ ಹಿಂದೆ ಕೂತಿದ್ದರು. ನುಸ್ರತ್ ಬಾಗಿಲ ಬಳಿ ನಿಂತಳು. ವಿಜ್ಞಾನದ ದುಷ್ಪರಿಣಾಮ ಎಂದು ನನ್ನ ಕಥೆಯಲ್ಲಿ ಎಲ್ಲಿದೆ, ಯಾರು ಈ ಗೈಡು ಬರೆದ ಮಹಾನುಭಾವ ಎಂದು ನಾನು ಶುರುಮಾಡಿದೆ. ದನಿ ಏರಿತ್ತು, ಪಕ್ಕದ ಗಣಿತದ ಮೇಷ್ಟ್ರು ಟಿಫಿನ್ ಬಾಕ್ಸ್ ಮುಚ್ಚಿದರು.

ಭಾಗ್ಯಮ್ಮ ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ಗೈಡು ತೆಗೆದು ಪುಟ ಮಗುಚಿ ನನ್ನ ಮುಂದೆ ಇಟ್ಟರು. "ಈ ಪುಟ ನೋಡಿದೀರಾ ಸರ್?"

ನೋಡಿರಲಿಲ್ಲ. ಕೋಪದಲ್ಲಿ ಓದುವವರು ಕೋಪಕ್ಕೆ ಬೇಕಾದಷ್ಟನ್ನೇ ಓದುತ್ತಾರೆ. ಅಲ್ಲಿ, ಕನಕಪುರದ ಒಂದು ಸಮಾರಂಭದಲ್ಲಿ ಲೇಖಕರು ಹೇಳಿರುವಂತೆ ಎಂದು ಇತ್ತು. ವಿಜ್ಞಾನ, ಗ್ರಾಮೀಣ ಬದುಕು, ನಲುಗುವುದು, ಎಲ್ಲವೂ ಇತ್ತು. ಗೂಡನ್ನು ಕಿವಿಗೆ ಹಿಡಿದ ಬಾಲ್ಯವೂ ಇತ್ತು. ಸಮಾರಂಭ ನೆನಪಾಯಿತು. ಹಾರ ಹಾಕಿದ್ದರು, ಮುಂದಿನ ಸಾಲಿನಲ್ಲಿ ಗಣ್ಯರು ಕೂತಿದ್ದರು, ಬರೀ ನಗಿಸಲು ಬರೆದೆ ಎಂದು ಹೇಳಲು ನಾಚಿಕೆಯಾಗಿ ಕಥೆಗೊಂದು ಆಶಯ ತೊಡಿಸಿದ್ದೆ. ಗೈಡಿನವನು ಪಾಪ, ಬರೆದುಕೊಂಡಿದ್ದ.

"ನೀವೇ ಹಿಂಗೆ ಹೇಳಿದ್ಮೇಲೆ ನಾನ್ ಬೇರೆ ಹೆಂಗೆ ಮಾರ್ಕ್ಸ್ ಕೊಡ್ಲಿ ಸರ್" ಎಂದರು ಭಾಗ್ಯಮ್ಮ. "ಈ ಹುಡ್ಗಿ ಲೇಖಕರು ತಪ್ಪು ಅಂತ ಬರೀತಾಳೆ. ತಪ್ಪು ಅಂತ ನೀವು ಬರ್ಕೊಡಿ, ನಾನು ಕೊಡ್ತೀನಿ. ನನಗೇನು ಅವಳ ಮೇಲೆ ದ್ವೇಷವಾ?"

ನುಸ್ರತಳ ಉತ್ತರ ಪತ್ರಿಕೆಯ ಅಂಚು ಖಾಲಿ ಇತ್ತು. ಪೆನ್ನು ತೆಗೆದೆ. 'ಈ ವಿದ್ಯಾರ್ಥಿನಿ ಬರೆದಿರುವುದು ಸರಿ' ಎಂದು ಬರೆದೆ. 'ಲೇಖಕನಿಗೆ ಗೂಡು ಗೊತ್ತಿಲ್ಲ' ಎಂದೂ ಬರೆದೆ. ಕೈ ತಾನಾಗಿಯೇ 'ಆದರೂ' ಎಂದು ಬರೆಯಲು ಹೊರಟಿತು. ಆದರೂ ಸಾಹಿತ್ಯದಲ್ಲಿ, ಆದರೂ ಕಲ್ಪನೆಗೆ, ಆದರೂ ಲೇಖಕನ ಸ್ವಾತಂತ್ರ್ಯ. ನುಸ್ರತ್ ಹತ್ತಿರ ಬಂದು ನೋಡುತ್ತಿದ್ದಳು. ಅನ್ಯಗ್ರಹದ ಬಗ್ಗೆ ನಾನು ಹೇಳಿದ ಒಂದು ಸುಳ್ಳನ್ನೂ ಅವಳು ಪ್ರಶ್ನಿಸಿರಲಿಲ್ಲ, ದಂಡು, ದಂಡನಾಯಕ, ಆಕಾಶದ ದಾರಿ ಎಲ್ಲವನ್ನೂ ನಂಬಿದ್ದಳು. ಕೇಳಿದ್ದು ಒಂದೇ, ಮನೆ ಬಾಗಿಲ ಗೂಡನ್ನಾದರೂ ಸರಿಯಾಗಿ ನೋಡು ಎಂದು. ನಗಿಸುವವನು ನಕ್ಷತ್ರದ ಬಗ್ಗೆ ಎಷ್ಟು ಬೇಕಾದರೂ ಬುರುಡೆ ಬಿಡಬಹುದು. ಕೈಯಲ್ಲಿರುವ ಗೂಡಿನ ಬಗ್ಗೆ ಬಿಟ್ಟರೆ ನಗೆಯೂ ಗೋಡೆಗೆ ಅಂಟಿಕೊಳ್ಳುತ್ತದೆ. 'ಆದರೂ' ಬರೆಯದೆ ಸಹಿ ಹಾಕಿದೆ.

"ಸರಿಯಾಗಿ ಬರೆದಿದ್ರೆ ಕಥೆ ಏನಾಗ್ತಿತ್ತು?" ಎಂದು ಅವಳನ್ನು ಕೇಳಿದೆ.

"ದಂಡನಾಯಕ ಶಿಸ್ತಾಗಿ ಉಸಿರು ಬಿಗಿ ಹಿಡೀತಾನೆ. ಅಬ್ಬ ಅಲ್ಲಾಡಿಸಿ ನೋಡಿ, ಇದು ಸತ್ತೋಗಿದೆ ಅಂತ ಪಕ್ಕಕ್ಕೆ ಎಸೀತಾರೆ. ಅವನ ಸಿಪಾಯಿಗಳು ಭಯಕ್ಕೆ ಒಳಗೆ ಲೊಟಲೊಟ ಅಂತ ನಡುಗ್ತಾ ಇರ್ತಾರಲ್ಲ, ಅವರಿಗೆಲ್ಲ ಒಳ್ಳೇ ರೇಟು." ಒಂದು ಕ್ಷಣ ಯೋಚಿಸಿ ಸೇರಿಸಿದಳು. "ದಂಡನಾಯಕಂಗೆ ಅದೇ ಬೇಜಾರಾಗಿ ವಾಪಸ್ ಹೋಗ್ತಾನೆ."

ಗಣಿತದ ಮೇಷ್ಟ್ರು ನಕ್ಕರು. ಭಾಗ್ಯಮ್ಮನೂ ನಕ್ಕರು, ಕೆಂಪು ಪೆನ್ನು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ನನ್ನ ಕಥೆಗೆ ಆ ಶಾಲೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲಿರಬೇಕು, ಮತ್ತು ಆ ಭಾಗ ನನ್ನದಾಗಿರಲಿಲ್ಲ.

ಸೊನ್ನೆ ಹೊಡೆದುಹಾಕಿ ಮೇಡಂ ಎರಡು ಎಂದು ಬರೆದರು. ಐದು ಸಲ ಬರೆಯುವುದೂ ಬೇಡ ಎಂದರು. ನಾನು ನಮಸ್ಕಾರ ಹೇಳಿ ಎದ್ದೆ. ನುಸ್ರತ್ ಮೇಜಿನ ಬಳಿಯೇ ನಿಂತಳು, ನಯಾಜ್ ಆಗಿದ್ದರೆ ಅವಳನ್ನು ಕೈಹಿಡಿದು ಹೊರಗೆ ಕರೆತರುತ್ತಿದ್ದ.

"ಮೂರಕ್ಕೆ ಎರಡು ಯಾಕೆ ಮೇಡಂ?" ಎಂದು ನುಸ್ರತ್ ಕೇಳಿದ್ದು ಬಾಗಿಲು ದಾಟುವಾಗ ಕಿವಿಗೆ ಬಿತ್ತು. ಆಯ್ಕೆ ಬರೆದಿಲ್ಲವಲ್ಲಮ್ಮ ಎಂದರು ಅವರು. ಪುಸ್ತಕದಲ್ಲಿರೋದು ಒಂದೇ ವಿಜ್ಞಾನ ಕಥೆ, ಯಾವುದರಿಂದ ಆರಿಸಿದ್ದು ಅಂತ ನಿಮಗೆ ಗೊತ್ತಾಗಲ್ವಾ ಎಂದಳು ಇವಳು. ನಾನು ಮೆಟ್ಟಿಲು ಇಳಿದೆ. ಮೈದಾನ ದಾಟಿ ಗೇಟಿನವರೆಗೆ ಬಂದರೂ ಆ ದನಿ ಗೋಡೆಯಿಂದ ಗೋಡೆಗೆ ಬಡಿಯುತ್ತಲೇ ಇತ್ತು. ನಾನು ಗೇಟಿನ ಬಳಿ ನಿಂತು, ಈ ಸಲ ಕೈಯಲ್ಲಿ ಬನ್ನು ಇಲ್ಲದೆ, ಸ್ವಲ್ಪ ಹೊತ್ತು ಕೇಳಿಸಿಕೊಂಡೆ.