ಕೂತಲ್ಲೇ ಐದು ಸಾವಿರ ಹೆಜ್ಜೆ

ಪಾಂಡವಪುರದ ಬೀದಿಗಳಲ್ಲಿ ನಲವತ್ತು ವರ್ಷದಿಂದ ಬಳೆಗಾಡಿ ತಳ್ಳುವ ನನ್ನ ಗೆಳೆಯ ಗಫಾರ್ ಸಾಬ್ರಿಗೆ ಪಾರ್ಕಿನ್ಸನ್ ಕಾಯಿಲೆ. ಸುಮ್ಮನೆ ಕೂತರೆ ಬಲಗೈ ಜರಡಿ ಹಿಡಿದಂತೆ ಅಲ್ಲಾಡುತ್ತದೆ. ಗಾಡಿ ಹಿಡಿದರೆ ತೆಪ್ಪಗಾಗುತ್ತದೆ. ಡಾಕ್ಟರು ಆ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿ, "ದಿನಕ್ಕೆ ನಾಲ್ಕು ಸಾವಿರ ಆಗದಿದ್ರೆ ಗಾಡಿ ಬಿಟ್ಟು ಮನೇಲಿರಿ" ಅಂದಿದ್ದರು.

ಸಾಬ್ರು ಬೆಳಗಿಂದ ಬೈಗಿನವರೆಗೆ ಊರು ಸುತ್ತಿದರು. ವಾಚು ತೋರಿಸಿದ್ದು ಇನ್ನೂರು. ಕೈ ಬೀಸದವನು ನಡೆಯುವುದೇ ಇಲ್ಲ ಎಂಬುದು ಅದರ ತೀರ್ಮಾನ.

ಮಾರನೇ ದಿನ ಗಾಡಿ ಸಮೇತ ಆಸ್ಪತ್ರೆಗೆ ಬಂದರು. ಮಂಡಿನೋವಿಗೆ ಅಂತ ನಾನೂ ಅಲ್ಲೇ ಕೂತಿದ್ದೆ. ಒಂದು ಗಂಟೆ ಬೆಂಚಿನ ಮೇಲೆ ಕಾಯುವಷ್ಟರಲ್ಲಿ ವಾಚು ಐದು ಸಾವಿರ ತೋರಿಸಿ, ಶಭಾಷ್ ಎಂಬಂತೆ ಗುರ್ರೆಂದಿತು.

"ಗೆದ್ದೆ ಕಣ್ಲಾ! ಬಾಯ್ ಮುಚ್ಕೊಂಡು ತೋರ್ಸ್ಬುಡು," ಅಂದೆ.

"ಥೂ, ಕುಂತ್ಕೊಂಡು ನಡ್ದೆ ಅಂತ ಸುಳ್ಳು ಯೋಳ್ಲಾ? ಅಲ್ಲಾ ಮೆಚ್ತಾನಾ?"

ಡಾಕ್ಟರಿಗೆ ಇದ್ದದ್ದು ಇದ್ದ ಹಾಗೇ ಹೇಳಿದರು. "ಹಾಗಾದ್ರೆ ನಡೆದು ತೋರಿಸಿ" ಅಂದರು ಡಾಕ್ಟರು. ಸಾಬ್ರು ಎದ್ದು ನಿಂತರು. ಆ ಕಾಯಿಲೆಗೆ ಕಾಲೆರಡೂ ನೆಲಕ್ಕೆ ಅಂಟಿಕೊಂಡವು.

"ಗಾಡಿ ತರ್ಸಿ ಸ್ವಾಮಿ, ಆಮೇಕೆ ನೋಡಿ."

ಬಳೆಗಾಡಿಯನ್ನು ಆಸ್ಪತ್ರೆಯೊಳಕ್ಕೇ ತಂದೆವು. ಹಿಡಿ ಕೈಗೆ ಸಿಕ್ಕಿದ್ದೇ ತಡ, ಸಾಬ್ರು ಮೊಗಸಾಲೆಯುದ್ದಕ್ಕೂ ನೆಟ್ಟಗೆ ಹೊರಟರು. ಡಾಕ್ಟರು ಬಾಯಲ್ಲೇ ಹೆಜ್ಜೆ ಎಣಿಸುತ್ತಾ ಹಿಂದೆ ಓಡಿದರು. ನೂರಾ ಎಂಬತ್ತನೇ ಹೆಜ್ಜೆಗೆ ನರ್ಸಮ್ಮಂದಿರು ಗಾಡಿಗೆ ಮುತ್ತಿಕೊಂಡು, "ಹಸಿರು ಬಳೆ ತೆಗೀರಿ ಸಾಬ್ರೇ" ಅಂದರು. ರೋಗಿಗಳೂ ಸಾಲಾಗಿ ಕೈ ಚಾಚಿದರು. ಡಾಕ್ಟರ ಎಣಿಕೆ ತಪ್ಪಿಹೋಯಿತು.

ಅವರು ಸಾಬ್ರ ಕೈಯಿಂದ ವಾಚು ಬಿಚ್ಚಿಕೊಂಡು, "ಗಾಡಿ ಬಿಡಬೇಡಿ ಸಾಬ್ರೇ. ಆದ್ರೆ ಮೊದ್ಲು ಅದನ್ನ ನನ್ನ ಆಸ್ಪತ್ರೆಯಿಂದ ಆಚೆಗೆ ತಳ್ಕೊಂಡು ಹೋಗಿ" ಅಂದರು.